ಎದುರಂಗಡಿಯ ಕೋಳಿ

ಇಸ್ತ್ರಿಯಣ್ಣನಿಗೆ ಜಗಳಕ್ಕೆ ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಆದರೆ ಎದುರಿನ ಪೋರ್ಚುಗೀಸ್ ಕೋಳಿಯಂಗಡಿಯ ವಿಷಯದಲ್ಲಿ, ನ್ಯಾಯವಾಗಿ ಹೇಳಬೇಕೆಂದರೆ, ಅವನ ಬಳಿ ಗಟ್ಟಿ ಕಾರಣವೇ ಇತ್ತು. ಅವನದು ಬಟ್ಟೆ ಒಗೆದು, ಕಲೆ ತೆಗೆದು, ಇಸ್ತ್ರಿ ಮಾಡಿ ಕೊಡುವ ಅಂಗಡಿ. ಎದುರಿನದು ಇದ್ದಿಲ ಕೆಂಡದ ಮೇಲೆ ಕೋಳಿ ಸುಡುವ ಅಂಗಡಿ. ನಡುವೆ ಒಂದು ಕಾರು ಕಷ್ಟಪಟ್ಟು ನುಸುಳುವಷ್ಟು ರಸ್ತೆ. ಇವೆರಡನ್ನೂ ಎದುರುಬದುರು ಕೂರಿಸಿದ ಪುಣ್ಯಾತ್ಮ ಯಾರೋ, ಅವನ ತಲೆ ಆಗ ಎಲ್ಲಿತ್ತೋ! ಗಾಳಿ ಯಾವ ಕಡೆಗೆ ಬೀಸಿದರೂ ಸುಟ್ಟ ಕೋಳಿಯ ಹೊಗೆ ಮಾತ್ರ ದಾರಿ ತಪ್ಪದೆ ಬಂದು, ಹ್ಯಾಂಗರುಗಳಲ್ಲಿ ತೂಗುತ್ತಿದ್ದ ಬಿಳಿ ಅಂಗಿಗಳ ಒಳಗೆ ಸೇರಿಕೊಳ್ಳುತ್ತಿತ್ತು.

ಒಮ್ಮೆ ವಕೀಲರೊಬ್ಬರು ಇವನಲ್ಲಿ ಇಸ್ತ್ರಿ ಮಾಡಿಸಿದ ಕರಿಕೋಟು ತೊಟ್ಟು ಕೋರ್ಟಿಗೆ ಹೊರಟರು. ದಾರಿಯಲ್ಲಿ ಒಂದು ಬೀದಿನಾಯಿ ಜೊತೆಯಾಯಿತು. ಮುಂದಿನ ತಿರುವಿನಲ್ಲಿ ಇನ್ನೊಂದು. ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅವರ ಹಿಂದೆ ಒಂದು ಮೆರವಣಿಗೆಯೇ ಇತ್ತಂತೆ. ಕೇಸು ಗೆದ್ದರೂ ಸಿಟ್ಟು ಇಳಿಯದೆ, ಸಂಜೆ ಬಂದು ಕೋಟನ್ನು ಕೌಂಟರಿನ ಮೇಲೆ ಎಸೆದು, "ಏನ್ರೀ, ಇದನ್ನ ಒಗೆದಿದ್ದೀರೋ, ಮಸಾಲೆಗೆ ಹಾಕಿಟ್ಟಿದ್ದೀರೋ?" ಎಂದು ಕೇಳಿದರು. ಇಂಥ ಮಾತು ಕೇಳಿದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ?

ಇಸ್ತ್ರಿಯಣ್ಣ ಸುಮ್ಮನಿರಲಿಲ್ಲ. ನೇರ ರಸ್ತೆ ದಾಟಿ ಕೋಳಿಯಂಗಡಿಯ ಬಾಗಿಲ ಮುಂದೆ ನಿಂತ. ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಕೋಳಿಯಮ್ಮ ಎಂದೇ ಕರೆಯುತ್ತಿದ್ದರು. ದಪ್ಪ ತೋಳಿನ, ನಗುಮುಖದ ಹೆಂಗಸು. ಗಂಡ ತೀರಿಕೊಂಡ ಮೇಲೆ, ಪೋರ್ಚುಗಲ್ಲಿನ ಅತ್ತೆ ಕಲಿಸಿಕೊಟ್ಟ ವಿದ್ಯೆಯಲ್ಲೇ ಅಂಗಡಿ ನಡೆಸಿಕೊಂಡು ಬಂದವಳು. ಇಕ್ಕಳ ಹಿಡಿದೇ ಹೊರಗೆ ಬಂದಳು.

"ನೋಡಮ್ಮ, ಬೀದಿಯವರೆಲ್ಲ ಕೇಳಿಸ್ಕೊಳ್ಳಿ!" ಎಂದು ಇವನು ಗಂಟಲು ಹರಿಯುವಂತೆ ಕೂಗಿದ. "ಈ ಅಂಗಡಿ ಹೊಸ್ತಿಲು ನಾನು ದಾಟಿದ ದಿನ ಈ ಮೀಸೆ ಬೋಳಿಸ್ಕೋತೀನಿ!"

"ಅಯ್ಯೋ, ಅಷ್ಟು ಚೆನ್ನಾಗಿರೋ ಮೀಸೆ ಯಾಕಣ್ಣ ಕಳ್ಕೋತೀರಾ? ಕೋಳಿ ಬೇಕಾದ್ರೆ ಹೊರಗೇ ತಂದ್ಕೊಡ್ತೀನಿ ಬಿಡಿ," ಎಂದಳು ಕೋಳಿಯಮ್ಮ.

ಬೀದಿ ನಕ್ಕಿತು. ಆಡಿದ ಮಾತು ಮಾತ್ರ ಉಳಿಯಿತು. ಎಂಟು ವರ್ಷ ಇಸ್ತ್ರಿಯಣ್ಣ ಆ ಕಡೆಯ ಫುಟ್‌ಪಾತಿನಲ್ಲಿ ಕೂಡ ನಡೆಯಲಿಲ್ಲ.

ಅವನ ಬಾಯಿ ದೊಡ್ಡದು, ನಿಜ. ಆದರೆ ಅದರಲ್ಲಿ ಸುಳ್ಳು ಮಾತ್ರ ಹುಟ್ಟುತ್ತಿರಲಿಲ್ಲ. ಹೊಸ ಸೂಟು ತಂದ ಗಿರಾಕಿ, "ಹೇಗಿದೆ ಅಣ್ಣ, ನನಗೆ ಒಪ್ಪುತ್ತಾ?" ಎಂದು ಕೇಳಿದರೆ, "ಹ್ಯಾಂಗರಿಗೆ ಚೆನ್ನಾಗಿ ಒಪ್ಪುತ್ತೆ," ಎನ್ನುವ ಮನುಷ್ಯ. ಅದಕ್ಕೇ ಹೆಂಡತಿ ಅವನನ್ನು ಕೌಂಟರಿನಿಂದ ಎಬ್ಬಿಸಿ, ಒಳಗೆ ಇಸ್ತ್ರಿ ಮೇಜಿಗೆ ಕಳಿಸಿ, ಗಿರಾಕಿಗಳ ಜೊತೆ ಮಾತಾಡುವ ಕೆಲಸವನ್ನು ತಾನೇ ಇಟ್ಟುಕೊಂಡಿದ್ದಳು. ಆಕೆ ಯಾವ ಸೂಟು ನೋಡಿದರೂ "ಮದುಮಗನ ಥರ ಕಾಣ್ತೀರಾ" ಎನ್ನುತ್ತಿದ್ದಳು. ಅಂಗಡಿ ಉಳಿದದ್ದೇ ಅದರಿಂದ.

ಇನ್ನೊಂದು ತಮಾಷೆ ಕೇಳಿ. ಹೊಗೆಯಿಂದ ಇವನಿಗೆ ನಷ್ಟವಾದರೆ, ಸಾಸಿನಿಂದ ಲಾಭವಾಗುತ್ತಿತ್ತು. ಕೋಳಿಯಮ್ಮನ ಅಂಗಡಿಯಲ್ಲಿ ಎಲ್ಲರೂ ಕೈಯಲ್ಲೇ ತಿನ್ನುವುದು. ಪಿರಿಪಿರಿ ಎಂಬ ಉಗುರಿನಷ್ಟು ಚಿಕ್ಕ ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ, ಎಣ್ಣೆ ಸೇರಿದ ಆ ಕೆಂಪು ಸಾಸು ಮೊಣಕೈವರೆಗೆ ಇಳಿದು, ಅಲ್ಲಿಂದ ಅಂಗಿಗೆ ಹಾರುತ್ತಿತ್ತು. ತಿಂದವರು ಬಾಯಿ ಒರೆಸಿಕೊಂಡು ನೇರ ರಸ್ತೆ ದಾಟಿ ಇಲ್ಲಿಗೇ ಬರುತ್ತಿದ್ದರು. ಇಸ್ತ್ರಿಯಣ್ಣ ಮೊದಲು ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಎಣ್ಣೆ ಹೀರಿಸುತ್ತಿದ್ದ, ಆಮೇಲೆ ಸಾಬೂನು, ಆಮೇಲೆ ವಿನೆಗರ್, ಕೊನೆಗೆ ಬಿಸಿಲು. ಅದಕ್ಕೂ ಮುಂಚೆ, ಯಾರೂ ನೋಡದಾಗ, ಕಲೆಯನ್ನು ಮೂಗಿಗೆ ಹಿಡಿದು ಒಮ್ಮೆ ಮೂಸುತ್ತಿದ್ದ.

"ಇವತ್ತು ಬೆಳ್ಳುಳ್ಳಿ ಜಾಸ್ತಿ ಹಾಕಿದ್ದಾಳೆ," ಎನ್ನುತ್ತಿದ್ದ.

"ಅಷ್ಟು ಮೂಸೋ ಬದಲು ಹೋಗಿ ಒಂದು ಪ್ಲೇಟ್ ತಿಂದು ಬನ್ನಿ," ಎನ್ನುತ್ತಿದ್ದಳು ಹೆಂಡತಿ.

"ಮೂಸೋದು ನನ್ನ ಕೆಲಸ ಕಣೇ. ತಿಂದ್ರೆ ಸೋತ ಹಾಗೆ."

ಹೀಗೆ ಹಟ, ಹೊಗೆ, ಸಾಸು ಮೂರೂ ಒಂದು ಹದಕ್ಕೆ ಬಂದು ನಡೆದುಕೊಂಡು ಹೋಗುತ್ತಿದ್ದಾಗ ಮನೆಯೊಳಗೇ ಬಾಂಬು ಬಿತ್ತು. ಇವರಿಗೆ ಒಬ್ಬಳೇ ಮಗಳು. ಲೆಕ್ಕಶಾಸ್ತ್ರ ಓದಿ ಒಂದು ವಿಮೆ ಆಫೀಸಿಗೆ ಸೇರಿದ್ದಳು. ದಿನಾ ಸಂಜೆ ಮುಖ ಬಾಡಿಸಿಕೊಂಡು ಬಂದು ಹಾಸಿಗೆಗೆ ಬೀಳುತ್ತಿದ್ದಳು. ಒಂದು ದಿನ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟಳು: "ಅಪ್ಪಾ, ಆಫೀಸು ಬಿಟ್ಟೆ. ಕೋಳಿಯಮ್ಮನ ಅಡುಗೆಮನೆಗೆ ಸೇರಿದ್ದೀನಿ. ನನಗೆ ಕೆಂಡದ ಕೆಲಸ ಕಲೀಬೇಕು."

"ಯಾವ ಕೋಳಿಯಮ್ಮ?" ಎಂದ ಇಸ್ತ್ರಿಯಣ್ಣ, ಊರಲ್ಲಿ ಹತ್ತು ಜನ ಕೋಳಿಯಮ್ಮಂದಿರು ಇದ್ದಾರೇನೋ ಎಂಬಂತೆ.

"ಎದುರಿನವರು."

ಅವನು ಊಟ ಅರ್ಧಕ್ಕೇ ಬಿಟ್ಟು ಎದ್ದು ಅಂಗಡಿಗೆ ಹೋಗಿ, ಆಗಲೇ ಇಸ್ತ್ರಿಯಾಗಿದ್ದ ಹಾಸಿಗೆ ಹೊದಿಕೆಗಳನ್ನೆಲ್ಲ ಬಿಚ್ಚಿ ಮತ್ತೆ ಇಸ್ತ್ರಿ ಮಾಡಿದ. ಅವತ್ತಿನಿಂದ ಮಗಳ ಜೊತೆ ಮಾತು ಬಂದ್. ಬಂದ್ ಎಂದರೆ ಪೂರ್ತಿ ಬಂದ್ ಅಲ್ಲ, ಹೆಂಡತಿಯ ಮೂಲಕ ನಡೆಯುತ್ತಿತ್ತು. ಮಗಳು ಎದುರಿಗೇ ನಿಂತಿದ್ದರೂ, "ನಿನ್ನ ಮಗಳಿಗೆ ಹೇಳು, ಹೊರಗೆ ಮೋಡ ಆಗಿದೆ, ಛತ್ರಿ ತಗೊಂಡು ಹೋಗಲಿ," ಎನ್ನುವನು. ಹೆಂಡತಿ ಮಗಳ ಕಡೆ ತಿರುಗಿ, "ಕೇಳಿಸ್ತಾ?" ಎನ್ನುವಳು. "ಕೇಳಿಸ್ತು ಅಂತ ಹೇಳಮ್ಮ," ಎಂದು ಮಗಳು ಛತ್ರಿ ಎತ್ತಿಕೊಳ್ಳುವಳು.

ಆದರೆ ಮಗಳ ಏಪ್ರನ್ ಒಗೆಯುವುದನ್ನು ಮಾತ್ರ ಅವನು ಯಾರ ಕೈಗೂ ಬಿಡಲಿಲ್ಲ. "ಮನೆಯೆಲ್ಲ ಹೊಗೆ ವಾಸನೆ" ಎಂದು ಗೊಣಗಿಕೊಂಡು ಅಂಗಡಿಗೆ ಒಯ್ಯುತ್ತಿದ್ದ. ಮಗಳ ಕೆಲಸ ಎಲ್ಲಿಗೆ ಬಂತು ಎನ್ನುವುದು ಅವನಿಗೆ ಆ ಬಟ್ಟೆಯಿಂದಲೇ ತಿಳಿಯುತ್ತಿತ್ತು. ಮೊದಮೊದಲು ಹೊಟ್ಟೆಯ ಹತ್ತಿರ ಬರೀ ನೀರಿನ ಗುರುತು, ಅಂದರೆ ಪಾತ್ರೆ ತೊಳೆಯುತ್ತಿದ್ದಾಳೆ. ಆಮೇಲೆ ಎದೆಯ ಮೇಲೆ ಸೊಪ್ಪಿನ ಹಸಿರು; ತರಕಾರಿ ಹೆಚ್ಚುತ್ತಿದ್ದಾಳೆ. ಒಂದು ದಿನ ಜೇಬಿನ ಹತ್ತಿರ ಕಿಡಿ ಹಾರಿ ಸುಟ್ಟ ಚಿಕ್ಕ ತೂತು ಕಂಡಿತು. ಕೆಂಡದ ಹತ್ತಿರ ಬಿಟ್ಟಿದ್ದಾರೆ! ಇಸ್ತ್ರಿಯಣ್ಣನಿಗೆ ಹೆಮ್ಮೆಯೂ ಆಯಿತು, ಕೈ ಸುಟ್ಟುಕೊಂಡಳೇನೋ ಎಂಬ ಸಂಕಟವೂ ಆಯಿತು. ಎರಡನ್ನೂ ಹೆಂಡತಿಗೆ ಹೇಳದೆ ತೂತಿಗೆ ತೇಪೆ ಹಾಕಿದ.

ಒಂದು ಮಧ್ಯಾಹ್ನ ಅವನು ಯಾರದೋ ಪ್ಯಾಂಟಿನ ಮಡಿಕೆ ಕೂರಿಸುತ್ತಿದ್ದಾಗ ಮಗಳು ಅಂಗಡಿಯ ಒಳಗೆ ಬಂದು ಮೇಜಿನ ಮುಂದೆ ನಿಂತಳು.

"ಅಪ್ಪಾ, ಅಮ್ಮನ ಮೂಲಕ ಹೇಳೋ ಮಾತಲ್ಲ ಇದು. ಗುರುವಾರ ಮಧ್ಯಾಹ್ನ ನೀನು ಊಟಕ್ಕೆ ಬರಬೇಕು. ಅಲ್ಲಿಗೆ."

ಇಸ್ತ್ರಿಯಣ್ಣ ಪ್ಯಾಂಟಿನಿಂದ ಕಣ್ಣು ಎತ್ತಲಿಲ್ಲ.

"ಅಲ್ಲೊಂದು ಪದ್ಧತಿ ಇದೆ, ಕೋಳಿಯಮ್ಮನ ಅತ್ತೆ ಕಾಲದ್ದು. ಯಾರನ್ನಾದ್ರೂ ಕೆಂಡದ ಮುಂದೆ ಒಬ್ಬರನ್ನೇ ನಿಲ್ಲಿಸೋ ಮುಂಚೆ, ಅವರು ಸುಟ್ಟ ಮೊದಲನೇ ಕೋಳಿನ ಅವರೇ ಆರಿಸಿದ ಒಬ್ಬರು ತಿನ್ನಬೇಕು. ತಿಂದವರು ಬಾಯಲ್ಲಿ ಏನು ಹೇಳಿದ್ರೂ ಕೋಳಿಯಮ್ಮ ಕಿವಿಗೆ ಹಾಕ್ಕೊಳಲ್ಲ. ಬಂದು ತಟ್ಟೆ ನೋಡ್ತಾರೆ. ಮೂಳೆ ಬಿಟ್ಟು ಬೇರೇನೂ ಉಳಿದಿರಬಾರದು. ಉಳೀತು ಅಂದ್ರೆ ಇನ್ನೊಂದು ವರ್ಷ ತರಕಾರಿ ಹೆಚ್ಚೋದೇ."

"ನಿಮ್ಮಮ್ಮನ್ನ ಕರ್ಕೊಂಡು ಹೋಗು," ಎಂದ ಅವನು. ತಿಂಗಳುಗಳ ಮೇಲೆ ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಅವಳು ತಟ್ಟೆ ಸಮೇತ ತಿಂದು ಬರ್ತಾಳೆ."

"ಅಮ್ಮ ನಾನು ಚಪ್ಪಲಿ ಸುಟ್ಟು ಕೊಟ್ರೂ ಚೆನ್ನಾಗಿದೆ ಅಂತಾಳೆ. ನೀನು ಹಾಗಲ್ಲ. ನೀನು ಬಂದು ತಿಂದ್ರೆ, ನನಗೆ ಈ ಕೆಲಸ ಬರುತ್ತೋ ಇಲ್ವೋ ಅಂತ ನನಗೇ ಗೊತ್ತಾಗುತ್ತೆ." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ನನಗೆ ಇದೊಂದು ಬೇಕಪ್ಪಾ. ಇನ್ನೇನೂ ಕೇಳಲ್ಲ."

ಅವಳು ಹೋದ ಮೇಲೂ ಇಸ್ತ್ರಿಯಣ್ಣ ಅದೇ ಮಡಿಕೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಲೇ ಇದ್ದ. ಕೊನೆಗೆ ಪ್ಯಾಂಟಿಗೆ ಎರಡೆರಡು ಮಡಿಕೆ ಬಿತ್ತು. ಕೌಂಟರಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿಯ ಕಡೆ ತಿರುಗಿ, "ನಾನು ಬೀದಿ ಮುಂದೆ ಆಡಿದ ಮಾತು?" ಎಂದ.

"ಮೀಸೆ ಮತ್ತೆ ಬೆಳೆಯುತ್ತೆ ರೀ," ಎಂದಳು ಅವಳು. "ಮಗಳು ಮತ್ತೆ ಕರೀತಾಳೋ ಇಲ್ವೋ, ನನಗೆ ಗೊತ್ತಿಲ್ಲ."

ಗುರುವಾರ ಬೆಳಿಗ್ಗೆ ಬಚ್ಚಲುಮನೆಯಿಂದ ಹೊರಗೆ ಬಂದ ಗಂಡನನ್ನು ನೋಡಿ ಅವಳು ಕೈಯಲ್ಲಿದ್ದ ಲೋಟ ಬಿಟ್ಟಳು. ಮೀಸೆ ಇದ್ದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

"ಅಯ್ಯಯ್ಯೋ! ಯಾರಪ್ಪಾ ನೀನು? ನನ್ನ ಗಂಡ ಎಲ್ಲಿ?"

"ನಗಬೇಡ."

"ನಗ್ತಾ ಇಲ್ಲ," ಎಂದು ಅವಳು ಸೆರಗು ಬಾಯಿಗೆ ತುರುಕಿಕೊಂಡು ಬಗ್ಗಿದಳು. ಮೇಲೇಳಲು ಬಹಳ ಹೊತ್ತು ಬೇಕಾಯಿತು. "ಅಲ್ಲ ರೀ, ಅಲ್ಲಿಗೆ ಹೋಗಿ ಬಂದ ಮೇಲೆ ಬೋಳಿಸಿದ್ರೆ ಆಗ್ತಿರಲಿಲ್ವಾ?"

"ದಾಟಿದ ದಿನ ಅಂದಿದ್ದೆ. ದಿನ ಬೆಳಿಗ್ಗೆಯಿಂದಾನೇ ಶುರುವಾಗೋದು," ಎಂದ ಇಸ್ತ್ರಿಯಣ್ಣ. ಮಾತೆಂದರೆ ಮಾತು.

ಮಧ್ಯಾಹ್ನ ಇಬ್ಬರೂ ರಸ್ತೆ ದಾಟಿದರು. ಅವನು ತನ್ನ ಕೈಯಾರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅವಳು ಮದುವೆ ಮನೆಗಳಿಗೆ ಮಾತ್ರ ತೆಗೆಯುವ ದೊಡ್ಡ ಕೈಚೀಲ ಹಿಡಿದಿದ್ದಳು. ಹಣ್ಣಿನಂಗಡಿಯವನು ಇವನ ಮುಖ ನೋಡಿ ಬಾಯಿ ತೆರೆದ. ಇಸ್ತ್ರಿಯಣ್ಣ ಒಂದು ಸಲ ದುರುಗುಟ್ಟಿ ನೋಡಿದ. ಹಣ್ಣಿನವನು ಬಾಯಿ ಮುಚ್ಚಿಕೊಂಡು ಸೇಬು ಒರೆಸತೊಡಗಿದ. ಹೊಸ್ತಿಲ ಹತ್ತಿರ ಬಂದಾಗ ಇಸ್ತ್ರಿಯಣ್ಣನ ಕಾಲು ಒಂದು ಗಳಿಗೆ ನಿಂತಿತು. ಹಿಂದಿನಿಂದ ಹೆಂಡತಿ ಕೈಚೀಲದಿಂದ ಬೆನ್ನಿಗೆ ತಿವಿದಳು.

ಒಳಗೆ ಗೋಡೆಗೆಲ್ಲ ನೀಲಿ ಬಿಳಿ ಟೈಲುಗಳು. ಕೌಂಟರಿನ ಮೇಲೆ ಕೆಂಪು ಜುಟ್ಟಿನ, ಮೈತುಂಬ ಹೂವು ಬರೆದ ಮಣ್ಣಿನ ಹುಂಜ. ಮೇಜುಗಳ ಮೇಲೆ ಬಟ್ಟೆಯ ಬದಲು ಕಾಗದ ಹಾಸಿದ್ದರು. ಅದನ್ನು ಕಂಡು ಇಸ್ತ್ರಿಯಣ್ಣನಿಗೆ ಸ್ವಲ್ಪ ಸಮಾಧಾನವಾಯಿತು, ಇವರಿಗೆ ತಮ್ಮ ಸಾಸಿನ ಶಕ್ತಿ ಗೊತ್ತಿದೆ ಎಂದುಕೊಂಡ. ಅರ್ಧ ಗೋಡೆಯ ಆಚೆ ಕೆಂಡದ ಒಲೆ. ಬೆನ್ನು ಸೀಳಿ ಪುಸ್ತಕದಂತೆ ಅಗಲಿಸಿದ ಕೋಳಿಗಳು ತಂತಿಯ ಚೌಕಟ್ಟಿನೊಳಗೆ ಚಪ್ಪಟೆಯಾಗಿ ಮಲಗಿದ್ದವು. ಅವುಗಳ ಹಿಂದೆ ತಲೆಗೆ ಬಟ್ಟೆ ಕಟ್ಟಿ, ಕೆಂಪಾದ ಮುಖದ ಮಗಳು. ಅಪ್ಪನನ್ನು ನೋಡಿದಳು. ಕಣ್ಣು ಅವನ ಮೂಗಿನ ಕೆಳಗೆ ಬಂದು ನಿಂತಿತು. ನಗು ತಡೆಯಲಾರದೆ ಬೆನ್ನು ತಿರುಗಿಸಿದಳು.

ಕೋಳಿಯಮ್ಮ ಮಾತ್ರ ನಗಲಿಲ್ಲ. "ಬನ್ನಿ ಅಣ್ಣಾ, ಕೂತ್ಕೊಳ್ಳಿ," ಎಂದು ಕಿಟಕಿಯ ಪಕ್ಕದ ಮೇಜು ತೋರಿಸಿದಳು. ಅಷ್ಟು ಮರ್ಯಾದೆ ಅವನು ನಿರೀಕ್ಷಿಸಿರಲಿಲ್ಲ.

ತಟ್ಟೆ ಬಂತು. ಅರ್ಧ ಕೋಳಿ: ಒಂದು ರೆಕ್ಕೆ, ಒಂದು ಲೆಗ್ ಪೀಸು, ಒಂದು ಎದೆ ಭಾಗ. ಪಕ್ಕದಲ್ಲಿ ನಿಂಬೆಯ ಹೋಳು. ಇಸ್ತ್ರಿಯಣ್ಣ ತೋಳು ಮಡಚಿ ರೆಕ್ಕೆಗೆ ಕೈ ಹಾಕಿದ. ಚರ್ಮ ಗರಿಗರಿ, ಒಳಗೆ ಖಾರ, ಖಾರದ ಹಿಂದೆಯೇ ನಿಂಬೆ. ಮೂಳೆ ಬೆಳ್ಳಗಾಗಿ ತಟ್ಟೆಗೆ ಬಿತ್ತು. ಆಮೇಲೆ ಲೆಗ್ ಪೀಸು. ಒಂದು ತುತ್ತು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿ ಕುಳಿತ. ಕಣ್ಣು ತುಂಬಿಕೊಂಡಿತು.

"ಏನಾಯ್ತು ರೀ?"

"ಖಾರ ಕಣೇ, ಖಾರ," ಎಂದು ಅವನು ಕಣ್ಣು ಒರೆಸಿಕೊಂಡ. ಆಮೇಲೆ ತಡೆಯಲಾಗದೆ, "ಎಂಟು ವರ್ಷ! ಎಂಟು ವರ್ಷ ಬರೀ ಮೂಸಿದ್ದೇ ಆಯ್ತಲ್ಲೇ!" ಎಂದು ನರಳಿದ.

ಲೆಗ್ ಪೀಸಿನ ಮೂಳೆಯಲ್ಲಿ ಇರುವೆಗೂ ಏನೂ ಉಳಿಯಲಿಲ್ಲ. ಇನ್ನು ಎದೆ ಭಾಗ. ಅವನು ಹುರುಪಿನಿಂದಲೇ ದೊಡ್ಡ ಚೂರು ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೂ ಅಗಿದ. ನೀರು ಕುಡಿದು ಮತ್ತೆ ಅಗಿದ.

"ಮತ್ತೇನು?" ಎಂದಳು ಹೆಂಡತಿ, ಪಿಸುದನಿಯಲ್ಲಿ.

"ಒಣಗಿಹೋಗಿದೆ."

"ಎಷ್ಟು?"

"ಕಾಟನ್ ಅಂಗಿ ಕಾಲರಿನಷ್ಟು. ಗಂಟಲಲ್ಲಿ ಇಳೀತಾ ಇಲ್ಲ."

ಕಷ್ಟಪಟ್ಟು ನುಂಗಿದ. ಇನ್ನೊಂದು ಚೂರು ಬಾಯಿಯ ತನಕ ಹೋಗಿ ವಾಪಸ್ಸು ಬಂತು. ಅರ್ಧ ಗೋಡೆಯ ಆಚೆಯಿಂದ ಮಗಳು, ನೋಡದವಳಂತೆ ನೋಡುತ್ತಿದ್ದಳು. ಇಷ್ಟು ಉಳಿದರೆ ಅವಳಿಗೆ ಇನ್ನೊಂದು ವರ್ಷ ಸೊಪ್ಪು, ಈರುಳ್ಳಿ. ಆಗ ಮೇಜಿನ ಕೆಳಗೆ ಏನೋ ಮೊಣಕಾಲಿಗೆ ತಾಗಿತು. ನೋಡಿದರೆ ಹೆಂಡತಿಯ ಕೈಚೀಲ, ಬಾಯಿ ತೆರೆದುಕೊಂಡು. ಒಳಗೆ ಒಂದು ಪ್ಲಾಸ್ಟಿಕ್ ಕವರು ಕೂಡ ಸಿದ್ಧವಾಗಿತ್ತು.

"ಹಾಕಿ," ಎಂದಳು ಅವಳು, ಮುಖ ಕಿಟಕಿಯ ಕಡೆ ಇಟ್ಟುಕೊಂಡೇ.

"ಏನು?"

"ಹಾಕ್ರೀ ಸುಮ್ನೆ! ಯಾವುದಕ್ಕೂ ಇರಲಿ ಅಂತಾನೇ ತಂದಿದ್ದು."

ಬೀದಿಯ ಎದುರು ಆಡಿದ ಒಂದು ಮಾತಿಗೆ ಅವತ್ತು ಬೆಳಿಗ್ಗೆ ಮೀಸೆ ತೆತ್ತಿದ್ದ ಮನುಷ್ಯ, ಕೋಳಿಯಮ್ಮ ಆ ಕಡೆ ತಿರುಗಿದ್ದನ್ನು ನೋಡಿ, ಎದೆ ಭಾಗವನ್ನು ಇಡಿಯಾಗಿ ಎತ್ತಿ ಕವರಿನೊಳಗೆ ಇಳಿಸಿಬಿಟ್ಟ. ಕೈಚೀಲ ಟಪ್ಪೆಂದು ಮುಚ್ಚಿಕೊಂಡಿತು. ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಕಿಟಕಿಯಿಂದ ಹೊರಗೆ ನೋಡತೊಡಗಿದರು.

ಕೋಳಿಯಮ್ಮ ಕೈ ಒರೆಸಿಕೊಂಡು ಬಂದಳು. ತಟ್ಟೆ ನೋಡಿದಳು. ಇಕ್ಕಳದ ತುದಿಯಿಂದ ಮೂಳೆಗಳನ್ನು ಅತ್ತಿತ್ತ ಸರಿಸಿದಳು. ತಟ್ಟೆ ಎತ್ತಿ ಅಡಿಯಲ್ಲಿ ನೋಡಿದಳು. ನಿಂಬೆಯ ಹೋಳನ್ನೂ ತಿರುಗಿಸಿ ನೋಡಿದಳು.

"ಅಣ್ಣಾ, ರೆಕ್ಕೆ ಮೂಳೆ ಇದೆ, ಕಾಲಿನ ಮೂಳೆ ಇದೆ. ಎದೆ ಮೂಳೆ ಎಲ್ಲಿ?"

ಕೆಲಸ ಕೆಟ್ಟಿತಲ್ಲಪ್ಪಾ! ಜೀವಮಾನದಲ್ಲಿ ಕಳ್ಳತನ ಮಾಡಿ ಅಭ್ಯಾಸವಿಲ್ಲದವನು ಮಾಂಸ ಬಚ್ಚಿಡುವ ಅವಸರದಲ್ಲಿ ಮೂಳೆಯನ್ನೂ ಸೇರಿಸಿ ಬಚ್ಚಿಟ್ಟಿದ್ದ.

"ತಿಂದೆ," ಎಂದ ಇಸ್ತ್ರಿಯಣ್ಣ.

"ಮೂಳೇನಾ?"

"ಹೂಂ. ಮೆತ್ತಗಿತ್ತು."

ಅವನ ಕಿವಿಗಳೆರಡೂ ಕೆಂಪಾದವು. ಅಡಗಿಸಲು ಮೀಸೆಯೂ ಇಲ್ಲದೆ, ಮೇಲ್ದುಟಿ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಅಷ್ಟರಲ್ಲಿ ಮಗಳು ಅರ್ಧ ಗೋಡೆ ಸುತ್ತಿ ಬಂದಿದ್ದಳು. ಅಪ್ಪನ ಮುಖ ನೋಡಿದಳು, ಅಮ್ಮನ ಮಡಿಲಿನ ಕೈಚೀಲ ನೋಡಿದಳು.

"ಅಮ್ಮಾ, ತೆಗಿ."

"ಏನೇ ತೆಗೆಯೋದು? ಅದರಲ್ಲಿ ನನ್ನ ಕನ್ನಡಕ..."

"ಅಮ್ಮಾ."

ಕನ್ನಡಕ, ಬೀಗದ ಕೈ, ಬಾಚಣಿಗೆ, ಕೊನೆಗೆ ಕವರು ಮೇಜಿನ ಮೇಲೆ ಬಂತು. ಪಕ್ಕದ ಮೇಜಿನವರು ಕಿಸಕ್ಕೆಂದರು. ಮರುಗಳಿಗೆಯೇ ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಗಳು ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

"ಸುಳ್ಳು ಹೇಳೋರೇ ಬೇಕಾಗಿದ್ರೆ ಅಮ್ಮ ಇದ್ದಳಲ್ಲಪ್ಪಾ," ಎಂದಳು. "ನಿನ್ನ ಯಾಕೆ ಕರೀತಿದ್ದೆ?"

ಇಸ್ತ್ರಿಯಣ್ಣ ಎದ್ದು ನಿಂತ. ಹಿಂದೆ ಈ ಅಂಗಡಿಯ ಬಾಗಿಲಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದವನು ಈಗ ಆ ಮೇಜಿಗಷ್ಟೇ ಕೇಳುವಂತೆ ಹೇಳಿದ.

"ತಪ್ಪಾಯ್ತು. ಎದೆ ಭಾಗ ಅಂಗಿ ಕಾಲರ್ ಥರ ಒಣಗಿದೆ, ಪುಟ್ಟಿ. ತಿನ್ನೋಕಾಗಲಿಲ್ಲ. ದಪ್ಪ ಕೋಟಿಗೂ ತೆಳು ರೇಷ್ಮೆಗೂ ಒಂದೇ ಶಾಖ ಕೊಟ್ರೆ ಹೇಗೆ? ಕಾಲು ಬೇಯೋ ಹೊತ್ತಿಗೆ ಎದೆ ಸತ್ತೇ ಹೋಗುತ್ತೆ." ಲೆಗ್ ಪೀಸಿನ ಮೂಳೆ ಎತ್ತಿ ತೋರಿಸಿದ. "ಆದ್ರೆ ಆ ಲೆಗ್ ಪೀಸಿದೆಯಲ್ಲ, ಅಂಥದ್ದನ್ನ ನಾನು ಈ ಜನ್ಮದಲ್ಲಿ ತಿಂದಿಲ್ಲ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ನಿಮ್ಮಮ್ಮನಿಗೆ ಹೇಳಿದೆ, ಅದೂ ಸುಳ್ಳು. ನೀನು ಮಾಡಿದ್ದು ಅಂತ ಬಂತು."

"ಒಂದೇ ಊಟಕ್ಕೆ ಇಷ್ಟೊಂದು ಸುಳ್ಳು!" ಎಂದು ಹೆಂಡತಿ ಗೊಣಗಿದಳು. ಅವಳೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಮಗಳು ಕವರಿನಿಂದ ಎದೆ ಭಾಗ ತೆಗೆದು, ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಥೂ, ಹೌದು," ಎಂದಳು, ಕಣ್ಣೀರಿನ ನಡುವೆಯೇ ನಗು ಬಂತು. "ನಿಜವಾಗ್ಲೂ ಕಾಲರೇ. ಲೆಗ್ ಪೀಸು ಮಾತ್ರ ಚೆನ್ನಾಗಿತ್ತಾ? ಸತ್ಯವಾಗಿ?"

"ಇನ್ನೊಂದು ಇದ್ರೆ ಕೊಡು, ಈಗಲೇ ತಿಂದು ತೋರಿಸ್ತೀನಿ."

ಕೋಳಿಯಮ್ಮ ಇಕ್ಕಳದಿಂದ ಮೇಜು ತಟ್ಟಿದಳು. "ಪದ್ಧತಿ ಅಂದ್ರೆ ಪದ್ಧತಿ. ತಟ್ಟೇಲಿ ಉಳಿದ್ರೂ ಒಂದೇ, ಬ್ಯಾಗಲ್ಲಿ ಉಳಿದ್ರೂ ಒಂದೇ. ಇಡೀ ಕೋಳಿ ಸದ್ಯಕ್ಕೆ ನನ್ನ ಕೈಯಲ್ಲೇ ಇರುತ್ತೆ." ಮಗಳ ತಲೆ ಬಗ್ಗಿತು. "ಆದ್ರೆ ಆ ಕಾಲಿನ ಮೂಳೆ ನೋಡಿದ ಮೇಲೆ ಸುಮ್ಮನಿರೋದು ನನ್ನ ಕೈಲಾಗಲ್ಲ. ಇವತ್ತಿಂದ ಲೆಗ್ ಪೀಸು, ರೆಕ್ಕೆ ಆರ್ಡರೆಲ್ಲ ನಿಂದು. ಅರ್ಧ ಒಲೆ ನಿಂದು, ಅರ್ಧ ನಂದು. ಪ್ರತಿ ಗುರುವಾರ ನಿಮ್ಮಪ್ಪನಿಗೆ ಒಂದು ಎದೆ ಭಾಗ ಸುಟ್ಟುಕೊಡು. ಅವರು ಬರೀ ಮೂಳೆ ಉಳಿಸಿದ ದಿನ ಪೂರ್ತಿ ಒಲೆ ನಿಂದೇ." ಆಮೇಲೆ ಇಸ್ತ್ರಿಯಣ್ಣನ ಹೆಂಡತಿಯ ಕಡೆ ತಿರುಗಿ, "ನೀವೂ ಬನ್ನಿ ತಾಯಿ. ಬ್ಯಾಗ್ ಮಾತ್ರ ಮನೇಲಿಟ್ಟು ಬನ್ನಿ," ಎಂದಳು.

ಮಗಳು ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡು ಅಪ್ಪನ ಮುಂದೆ ನಿಂತಳು. ಒಲೆಯ ಕಡೆಯಿಂದ ಯಾರೋ ಲೆಗ್ ಪೀಸಿಗೆ ಆರ್ಡರ್ ಕೂಗಿದರು. ಅವಳು ಕದಲಲಿಲ್ಲ.

"ಬರ್ತೀಯಾ ಅಪ್ಪಾ? ಅದು ಸರಿಯಾಗೋಕೆ ಎಷ್ಟು ಗುರುವಾರ ಬೇಕೋ ನನಗೆ ಗೊತ್ತಿಲ್ಲ."

"ಸರಿಯಾಗೋವರೆಗೂ ಬರ್ತೀನಿ," ಎಂದ ಇಸ್ತ್ರಿಯಣ್ಣ. "ಸರಿಯಾದ ಮೇಲೂ ಬರ್ತೀನಿ."